ವೆಸ್ಟ್‌ಬರಿಯ ಆ ಭಾನುವಾರ: ನೀನಾ ಸಿಮೋನ್ ಅವರ ಶೋಕಸಭೆ ಆಲ್ಬಮ್ ಆದ ಬಗೆ

1968ರ ಏಪ್ರಿಲ್ 7, ಭಾನುವಾರ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ದಿನವನ್ನು ರಾಷ್ಟ್ರೀಯ ಶೋಕದಿನವೆಂದು ಸಾರಿದ್ದರು. ಮೂರು ದಿನಗಳ ಹಿಂದೆ, ಮೆಂಫಿಸ್ ನಗರದ ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ನಿಂತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಲ್ಲಲಾಗಿತ್ತು. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ನೀಡಲು ಅಲ್ಲಿಗೆ ಹೋಗಿದ್ದ ಕಿಂಗ್ ಅವರಿಗೆ ಆಗ ಕೇವಲ 39 ವರ್ಷ. ವಾಷಿಂಗ್ಟನ್, ಷಿಕಾಗೊ, ಬಾಲ್ಟಿಮೋರ್ ಸೇರಿದಂತೆ ನೂರಕ್ಕೂ ಹೆಚ್ಚು ಊರುಗಳಲ್ಲಿ ಬೆಂಕಿ ಹತ್ತಿಕೊಂಡಿತ್ತು. ಬೀದಿಗಳಿಗೆ ಸೈನ್ಯ ಇಳಿದಿತ್ತು, ಆಸ್ಕರ್ ಸಮಾರಂಭ ಮುಂದಕ್ಕೆ ಹೋಗಿತ್ತು. ಅಂಥ ಸಂಜೆ ನ್ಯೂಯಾರ್ಕ್ ಮಗ್ಗುಲಿನ ಲಾಂಗ್ ಐಲೆಂಡ್‌ನಲ್ಲಿ, ವೆಸ್ಟ್‌ಬರಿ ಮ್ಯೂಸಿಕ್ ಫೇರ್ ಎಂಬ ರಂಗಮಂದಿರದಲ್ಲಿ, ಗಾಯಕಿ ಮತ್ತು ಪಿಯಾನೋ ವಾದಕಿ ನೀನಾ ಸಿಮೋನ್ ವೇದಿಕೆ ಏರಿದರು.

ಆ ರಾತ್ರಿಯ ಧ್ವನಿಮುದ್ರಣ ಅದೇ ವರ್ಷ ಆರ್‌ಸಿಎ ಕಂಪನಿಯಿಂದ 'ನಫ್ ಸೆಡ್!' ಎಂಬ ಹೆಸರಿನಲ್ಲಿ ಹೊರಬಂದಿತು. ಜಾಝ್ ಲೋಕದಲ್ಲಿ ಲೈವ್ ಆಲ್ಬಮ್‌ಗಳಿಗೆ ಬರವಿಲ್ಲ. ಆದರೆ ವೇದಿಕೆಯ ಮೇಲೆ ನಡೆದದ್ದಕ್ಕೂ ಗ್ರಾಮಫೋನ್ ತಟ್ಟೆಯ ಮೇಲೆ ಉಳಿದದ್ದಕ್ಕೂ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನ್ನ ಕಿವಿಗೆ ಬಿದ್ದಿಲ್ಲ. ಪೂರ್ತಿ ರೂಪದ ಮುದ್ರಣಗಳು ದಶಕಗಳ ನಂತರ ಹೊರಬಂದಿರುವುದರಿಂದ ಈಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕೇಳಬಹುದು. ಹಾಗೆ ಕೇಳಿದವರಿಗೆ, ಶೋಕವನ್ನು ಉಳಿಸಿಕೊಂಡು ಸಿಟ್ಟನ್ನು ಬಹುಮಟ್ಟಿಗೆ ಕತ್ತರಿಸಿ ಹಾಕಿದ ದಾಖಲೆ ಇದು ಎಂಬುದು ತಿಳಿಯುತ್ತದೆ. ನನ್ನ ವಾದವೂ ಅದೇ.

ಪಿಯಾನೋ ಮುಂದೆ ಕುಳಿತಿದ್ದವರು ಯಾರು

ಸಿಮೋನ್ ಅವರ ಹುಟ್ಟುಹೆಸರು ಯುನೀಸ್ ವೇಮನ್. 1933ರಲ್ಲಿ ನಾರ್ತ್ ಕ್ಯಾರೊಲಿನಾದ ಟ್ರಯಾನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಾಯಿ ಮೆಥಡಿಸ್ಟ್ ಪಂಥದ ಬೋಧಕಿ. ಮಗುವಿನ ಕೈ ಪಿಯಾನೋ ಮೇಲೆ ಮೊದಲು ಓಡಿದ್ದು ಚರ್ಚಿನ ಹಾಡುಗಳಿಗಾಗಿ. ನಂತರ ಮ್ಯೂರಿಯಲ್ ಮಝಾನೊವಿಚ್ ಎಂಬ ಶಿಕ್ಷಕಿಯ ಬಳಿ ಬಾಖ್ ಕಲಿತರು. ಹನ್ನೆರಡನೆಯ ವಯಸ್ಸಿನಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ತಂದೆತಾಯಿಯನ್ನು ಬಿಳಿಯರಿಗಾಗಿ ಎಬ್ಬಿಸಿ ಹಿಂದಕ್ಕೆ ಕಳಿಸಿದಾಗ, ಅವರನ್ನು ಮತ್ತೆ ಮುಂದೆ ಕೂರಿಸುವವರೆಗೆ ನುಡಿಸುವುದಿಲ್ಲ ಎಂದು ಹುಡುಗಿ ಹಠ ಹಿಡಿದದ್ದನ್ನು ಮುಂದೆ ಸಿಮೋನ್ ಅವರೇ ಹೇಳಿಕೊಂಡಿದ್ದಾರೆ.

ಅವರ ಕನಸು ಶಾಸ್ತ್ರೀಯ ಪಿಯಾನೋ ವಾದಕಿಯಾಗುವುದು. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1951ರಲ್ಲಿ ಪ್ರವೇಶ ನಿರಾಕರಿಸಿತು. ತನ್ನ ಚರ್ಮದ ಬಣ್ಣವೇ ಇದಕ್ಕೆ ಕಾರಣ ಎಂದು ಅವರು ಕೊನೆಯವರೆಗೂ ನಂಬಿದ್ದರು. 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಬಾರ್ ಒಂದರಲ್ಲಿ ನುಡಿಸುವ ಕೆಲಸ ಸಿಕ್ಕಿತು. ನುಡಿಸಿದರೆ ಸಾಲದು, ಹಾಡಲೂ ಬೇಕು ಎಂದು ಮಾಲೀಕ ಷರತ್ತು ಹಾಕಿದ. ಮಗಳು ಬಾರಿನಲ್ಲಿ ಹಾಡುತ್ತಾಳೆಂದು ತಾಯಿಗೆ ತಿಳಿಯಬಾರದೆಂದು ಯುನೀಸ್ ಹೆಸರು ಬದಲಿಸಿಕೊಂಡು ನೀನಾ ಸಿಮೋನ್ ಆದರು. ಜಾಝ್ ಎಂಬ ಹಣೆಪಟ್ಟಿಯೂ ಅವರಿಗೆ ಒಪ್ಪಿಗೆಯಿರಲಿಲ್ಲ. ತನ್ನದು ಕಪ್ಪು ಜನರ ಶಾಸ್ತ್ರೀಯ ಸಂಗೀತ ಎನ್ನುತ್ತಿದ್ದರು. ಅವರ ಎಡಗೈಯನ್ನು ಗಮನವಿಟ್ಟು ಕೇಳಿದವರು ಈ ಮಾತನ್ನು ಅಲ್ಲಗಳೆಯಲಾರರು.

1963 ಅವರನ್ನು ಬದಲಿಸಿತು. ಜೂನ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಕೊಲೆಯಾಯಿತು. ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಆ ಸಂಕಟದಲ್ಲಿ ಬರೆದ 'ಮಿಸಿಸಿಪ್ಪಿ ಗಾಡ್‌ಡ್ಯಾಮ್' ಹಾಡನ್ನು ಮರುವರ್ಷ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಅದು ಲೈವ್ ಆಲ್ಬಮ್ ಆಗಿ ಬಂತು. 1965ರ ಮಾರ್ಚ್‌ನಲ್ಲಿ, ಸೆಲ್ಮಾದಿಂದ ಮಾಂಟ್ಗಮೆರಿಗೆ ಹೊರಟ ಪಾದಯಾತ್ರಿಗಳ ಮುಂದೆ ಅದೇ ಹಾಡನ್ನು ಹಾಡಿದರು. ಆ ಯಾತ್ರೆಯನ್ನು ಮುನ್ನಡೆಸಿದವರು ಕಿಂಗ್.

ಇಲ್ಲೊಂದು ಬಿಕ್ಕಟ್ಟಿದೆ. ಅದನ್ನು ಮರೆತರೆ ವೆಸ್ಟ್‌ಬರಿಯ ರಾತ್ರಿ ಅರ್ಥವಾಗುವುದಿಲ್ಲ. 1959ರಲ್ಲಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸುತ್ತಾಡಿ, ಗಾಂಧಿಯವರ ದಾರಿಯಲ್ಲಿ ಇನ್ನಷ್ಟು ನಂಬಿಕೆ ಹೊತ್ತು ಮರಳಿದವರು ಕಿಂಗ್. ಸಿಮೋನ್ ಅವರಿಗೆ ಕಿಂಗ್ ಮೇಲೆ ಅಪಾರ ಪ್ರೀತಿಯಿತ್ತು, ಆದರೆ ಅಹಿಂಸೆಯ ಮೇಲೆ ಅಷ್ಟೇ ನಂಬಿಕೆ ಇರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಹೀಗೆ ದಾರಿಯ ಬಗ್ಗೆ ಒಮ್ಮತವಿಲ್ಲದ ನಾಯಕನ ಸಾವಿಗೆ ಸಾವಿರಾರು ಜನರ ಮುಂದೆ ಶೋಕಿಸಬೇಕಾದ ಹೊಣೆ ಅವರ ಮೇಲೆ ಬಿತ್ತು.

ಒಂದು ದಿನದಲ್ಲಿ ಕಲಿತ ಹಾಡು

ವೆಸ್ಟ್‌ಬರಿ ಮ್ಯೂಸಿಕ್ ಫೇರ್ ದುಂಡನೆಯ ರಂಗಮಂದಿರ. ವೇದಿಕೆ ನಡುವೆ, ಪ್ರೇಕ್ಷಕರು ನಾಲ್ಕೂ ಸುತ್ತ. ಕಲಾವಿದರಿಗೆ ಬೆನ್ನು ಮರೆಸಿಕೊಳ್ಳಲು ಅಲ್ಲಿ ಜಾಗವಿಲ್ಲ. ಇದ್ದ ಊರು ನಾಸೌ ಕೌಂಟಿಯ ಉಪನಗರ ಪ್ರದೇಶ. ಯುದ್ಧಾನಂತರ ಬಿಳಿಯ ಮಧ್ಯಮವರ್ಗಕ್ಕಾಗಿ ಬೆಳೆದ ಆ ಸೀಮೆಯಲ್ಲಿಯೇ ಲೆವಿಟೌನ್ ಇದೆ. ಅಲ್ಲಿನ ಮನೆಗಳನ್ನು ಆರಂಭದಲ್ಲಿ ಕಪ್ಪು ಜನರಿಗೆ ಮಾರುತ್ತಲೇ ಇರಲಿಲ್ಲ. ಕಿಂಗ್ ಹತ್ಯೆಯ ಮರುದಿನ ಬಾಸ್ಟನ್‌ನಲ್ಲಿ ಗಾಯಕ ಜೇಮ್ಸ್ ಬ್ರೌನ್ ನಡೆಸಿದ ಕಾರ್ಯಕ್ರಮವನ್ನು ಟಿವಿಯಲ್ಲಿ ನೇರವಾಗಿ ತೋರಿಸಿ, ಜನ ಮನೆಯಲ್ಲೇ ಉಳಿಯುವಂತೆ ನೋಡಿಕೊಳ್ಳಲಾಗಿತ್ತು. ವೆಸ್ಟ್‌ಬರಿಯಲ್ಲಿ ಊರನ್ನು ತಣಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಬಂದವರು ದುಃಖವನ್ನು ಹೊತ್ತೇ ಬಂದಿದ್ದರು.

ತಟ್ಟೆಯಲ್ಲಿ ಉಳಿದಿರುವ ಸಿಮೋನ್ ಅವರ ಆರಂಭದ ಮಾತುಗಳು ನನಗೆ ಇಡೀ ಆಲ್ಬಮ್‌ನ ಅತಿ ಅಮೂಲ್ಯ ಭಾಗಗಳಲ್ಲೊಂದು. ಇಷ್ಟು ಜನ ಬಂದದ್ದು ಸಂತೋಷ, ಅಚ್ಚರಿ ಕೂಡ, ಇವತ್ತು ಯಾರೂ ಬರುತ್ತಾರೆಂದು ಅಂದುಕೊಂಡಿರಲಿಲ್ಲ, ಯಾಕೆಂದು ನಿಮಗೇ ಗೊತ್ತು ಎನ್ನುತ್ತಾರೆ. ಕಿಂಗ್ ಹೆಸರನ್ನು ಅಲ್ಲಿ ಎತ್ತುವುದಿಲ್ಲ. ನಿಮಗೆ ಈ ರಾತ್ರಿ ಬೇಕಾದ ಏನನ್ನಾದರೂ ಕೊಡಲು ನಮ್ಮಿಂದ ಆಗಲಿ ಎಂದು ಹೇಳುವಾಗ ಆ 'ಏನನ್ನಾದರೂ' ಏನೆಂದು ಅವರಿಗೂ ತೋಚಿದಂತಿಲ್ಲ. ಮಾತು ತಡವರಿಸಿ, ಅದೇ ಪದಗಳ ಸುತ್ತ ಸುತ್ತುತ್ತದೆ. ವೇದಿಕೆಯ ಮೇಲೆ ಅರಸಿಯಂತೆ ನಡೆದುಕೊಳ್ಳುತ್ತಿದ್ದ, ಗದ್ದಲ ಮಾಡಿದ ಪ್ರೇಕ್ಷಕರನ್ನು ಗದರಿಸಿ ಕೂರಿಸುತ್ತಿದ್ದ ಕಲಾವಿದೆಗೆ ಅಂದು ಮಾತು ಸಿಗಲಿಲ್ಲ. ಅಲ್ಲಿಂದ ನೇರವಾಗಿ 'ಸಂಡೇ ಇನ್ ಸವಾನಾ' ಶುರುವಾಗುತ್ತದೆ: ದಕ್ಷಿಣದ ಊರಿನ ಭಾನುವಾರದ ಚರ್ಚು, ಶಾಂತವಾದ ಲಯ. ಅಂದು ಭಾನುವಾರವೇ ಆಗಿತ್ತು, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ. ದೇಶದ ಕಪ್ಪು ಜನರ ಚರ್ಚುಗಳೆಲ್ಲ ಆ ಬೆಳಿಗ್ಗೆ ಕಿಂಗ್ ಅವರಿಗಾಗಿ ಪ್ರಾರ್ಥಿಸಿದ್ದವು. ಚರ್ಚಿನಲ್ಲೇ ಪಿಯಾನೋ ಕಲಿತ ಕೈಗಳು ಚರ್ಚಿನಿಂದಲೇ ಆರಂಭಿಸಿದವು.

ಬ್ಯಾಂಡಿನಲ್ಲಿ ಆರ್ಗನ್ ನುಡಿಸುತ್ತಿದ್ದವರು ಸಿಮೋನ್ ಅವರ ತಮ್ಮ ಸ್ಯಾಮ್ ವೇಮನ್, ಗಿಟಾರ್ ಹೆನ್ರಿ ಯಂಗ್, ಡ್ರಮ್ಸ್ ಬಕ್ ಕ್ಲಾರ್ಕ್, ಬಾಸ್ ಜೀನ್ ಟೇಲರ್. ಜಾಝ್ ಪಿಯಾನೋ ವಾದಕ ಹೊರೇಸ್ ಸಿಲ್ವರ್ ಅವರ ತಂಡದಲ್ಲಿ ಪಳಗಿದ ಟೇಲರ್ ಹೆಸರು ಜಾಝ್ ಅಭಿಮಾನಿಗಳಿಗೆ ಹೊಸದಲ್ಲ. ಬಾಸ್ ವಾದಕರನ್ನು ಹಾಡು ಬರೆದವರೆಂದು ನೆನೆಯುವುದು ಅಪರೂಪ. ಆದರೆ ಆ ರಾತ್ರಿಯ ಮುಖ್ಯ ಹಾಡು, 'ವೈ? ದ ಕಿಂಗ್ ಆಫ್ ಲವ್ ಈಸ್ ಡೆಡ್' (ಯಾಕೆ? ಪ್ರೀತಿಯ ದೊರೆ ಸತ್ತುಹೋದ), ಬರೆದವರು ಅವರೇ. ಹತ್ಯೆಯ ಸುದ್ದಿ ಕೇಳಿದ ಕೂಡಲೇ ಬರೆದರು. ಬ್ಯಾಂಡಿಗೆ ಅದನ್ನು ಕಲಿಯಲು ಸಿಕ್ಕಿದ್ದು ಒಂದೇ ದಿನ. ನಿನ್ನೆಯಷ್ಟೇ ಕಲಿತದ್ದು, ಹೇಗೆ ಬರುತ್ತದೋ ನೋಡೋಣ ಎಂದು ಸಿಮೋನ್ ವೇದಿಕೆಯ ಮೇಲೇ ಹೇಳಿಬಿಟ್ಟರು.

ಹಾಡು ಬಹಳ ನಿಧಾನ. ಮೊದಲ ಸಾಲುಗಳಲ್ಲಿ ಹಾಡುವುದಕ್ಕಿಂತ ಹೇಳುವುದೇ ಹೆಚ್ಚು: ಒಬ್ಬ ಮನುಷ್ಯ ಈ ನೆಲದ ಮೇಲೆ ಬದುಕಿದ್ದ, ನೆರೆಯವರನ್ನು ಪ್ರೀತಿಸಿ ಎಂದು ಬೋಧಿಸಿದ. ಪಿಯಾನೋ ಸ್ವರಗುಚ್ಛಗಳನ್ನು ಬಿಡಿಬಿಡಿಯಾಗಿ ಇಡುತ್ತದೆ, ಹಿಂದಿನಿಂದ ಆರ್ಗನ್ ಚರ್ಚಿನ ಗಾಳಿಯನ್ನು ತುಂಬುತ್ತದೆ. ಆಮೇಲೆ ಪ್ರಶ್ನೆಗಳು ಬರುತ್ತವೆ. ಈ ದೇಶ ಉಳಿಯುತ್ತದೆಯೋ ಬೀಳುತ್ತದೆಯೋ? ನಮಗೆಲ್ಲ ಹೊತ್ತು ಮೀರಿತೇ? ಈ ಸಾವು ವ್ಯರ್ಥವೇ? ದನಿ ಏರುವುದು ಇಲ್ಲಿ. ಕೊಲೆಯ ಹಿಂದಿನ ರಾತ್ರಿ, ಏಪ್ರಿಲ್ 3ರಂದು ಮೆಂಫಿಸ್‌ನ ಮೇಸನ್ ಟೆಂಪಲ್‌ನಲ್ಲಿ ಕಿಂಗ್ ಮಾಡಿದ ಕೊನೆಯ ಭಾಷಣದ, ಬೆಟ್ಟದ ತುದಿಗೆ ಹೋಗಿ ಬಂದಿದ್ದೇನೆ ಎಂಬ ಮಾತು ಕೂಡ ಹಾಡಿನೊಳಗೆ ಬಂದು ಕುಳಿತಿದೆ. ನಾಲ್ಕು ದಿನದ ಹಿಂದಿನ ಭಾಷಣ, ಮೂರು ದಿನದ ಹಿಂದಿನ ಕೊಲೆ, ನಿನ್ನೆ ಕಲಿತ ರಾಗ, ಎಲ್ಲವೂ ಒಂದೇ ಹಾಡಿನಲ್ಲಿ. ಪತ್ರಿಕೆಗಳು ವರದಿ ಮಾಡುತ್ತಿದ್ದ ಹೊತ್ತಿನಲ್ಲೇ ಈ ಬ್ಯಾಂಡು ಚರಮಗೀತೆ ಕಟ್ಟಿ ಮುಗಿಸಿತ್ತು. ಅಲ್ಲಲ್ಲಿ ವಾದ್ಯಗಳು ಒಂದರ ದಾರಿ ಇನ್ನೊಂದು ಕಾಯುವುದು ಕೇಳಿಸುತ್ತದೆ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಯಾವ ಶೋಕಗೀತೆಗಿಂತಲೂ ಆ ಕಾಯುವಿಕೆಯಲ್ಲಿ ಹೆಚ್ಚು ಸತ್ಯವಿದೆ ಎಂದು ನಾನು ನಂಬುತ್ತೇನೆ.

ಪೂರ್ತಿ ಮುದ್ರಣ ಹನ್ನೆರಡು ನಿಮಿಷ ದಾಟುತ್ತದೆ. ಅದರ ತಿರುಳಿರುವುದು ಹಾಡು ನಿಂತು ಮಾತು ಶುರುವಾಗುವ ಕಡೆ. ಪಿಯಾನೋ ಮೆಲ್ಲಗೆ ಓಡುತ್ತಲೇ ಇರುತ್ತದೆ, ಸಿಮೋನ್ ಹೋದವರ ಹೆಸರುಗಳನ್ನು ಹೇಳುತ್ತಾರೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ಗೆ ಬಲಿಯಾದ ಗೆಳತಿ, ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬರಿ. 1967ರ ಮೇ ತಿಂಗಳಲ್ಲಿ ಹೋದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ಅದೇ ಜುಲೈನಲ್ಲಿ ಜಾನ್ ಕೋಲ್ಟ್ರೇನ್, ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಓಟಿಸ್ ರೆಡಿಂಗ್. ಎಷ್ಟು ಜನರನ್ನು ಕಳೆದುಕೊಂಡಿದ್ದೇವೆ ಗೊತ್ತೇ ಎಂದು ಕೇಳುತ್ತಾರೆ. ಇದು ಪ್ರದರ್ಶನವಲ್ಲ, ಮೈಕುಗಳ ವಿಷಯವಲ್ಲ, ಬೇರೆಯೇ ಏನೋ ಎನ್ನುತ್ತಾರೆ. ಉಳಿದಿರುವವರಲ್ಲಿ ಜಾಝ್ ದಿಗ್ಗಜರಾದ ಮಂಕ್ ಇದ್ದಾರೆ, ಮೈಲ್ಸ್ ಇದ್ದಾರೆ ಎಂದು ಎಣಿಸುವಾಗ ಒಂದು ದನಿ ನಡುವೆ ಬಂದು 'ನೀನಾ' ಎನ್ನುತ್ತದೆ. ಇನ್ನೊಬ್ಬರನ್ನು ಕಳೆದುಕೊಳ್ಳಲು ನಮ್ಮಿಂದಾಗದು ಎಂದವರು, ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸುತ್ತಿದ್ದಾರೆ, ಅದನ್ನು ಮರೆಯಬೇಡಿ ಎಂದು ಮುಗಿಸುತ್ತಾರೆ.

ಆ ಪಟ್ಟಿಯಲ್ಲಿ ಗುಂಡಿಗೆ ಬಲಿಯಾದವರು ಯಾರೂ ಇಲ್ಲ. ಕ್ಯಾನ್ಸರ್, ಕಾಯಿಲೆ, ಅಪಘಾತ. ಆದರೂ ಸಿಮೋನ್ ಅವರಿಗೆ ಎಲ್ಲವೂ ಒಂದೇ ನಷ್ಟದ ಲೆಕ್ಕ. ಕಿಂಗ್ ಅವರನ್ನು ರಾಜಕೀಯ ನಾಯಕರ ಸಾಲಿನಲ್ಲಿ ನಿಲ್ಲಿಸದೆ ಕವಿಗಳು, ನಾಟಕಕಾರರು, ಸ್ಯಾಕ್ಸೊಫೋನ್ ವಾದಕರ ನಡುವೆ ಕೂರಿಸಿದರು. ರಾಷ್ಟ್ರಧ್ವಜವನ್ನು ಅರ್ಧಕ್ಕಿಳಿಸುವ ಸರಕಾರಿ ಶೋಕಕ್ಕೆ ಈ ಬಗೆಯ ಆಪ್ತತೆ ಎಂದೂ ದಕ್ಕುವುದಿಲ್ಲ.

ಕತ್ತರಿ ಆಡಿದ್ದು ಎಲ್ಲಿ

1968ರ ಆಲ್ಬಮ್‌ನಲ್ಲಿ ಈ ಹಾಡು ಹೆಚ್ಚೂಕಡಿಮೆ ಅರ್ಧಕ್ಕಿಳಿದಿದೆ. ಮಾತಿನ ದೀರ್ಘ ಭಾಗ ಇಲ್ಲ. ಕಚೇರಿಯ ಕ್ಯಾಸೆಟ್‌ನಲ್ಲಿ ತನಿ ಆವರ್ತನವನ್ನು ಮೊಟಕುಗೊಳಿಸಿ ಪಲ್ಲವಿಗೆ ನೇರವಾಗಿ ಹಾರಿದರೆ ಹೇಗಿರುತ್ತದೋ ಹಾಗೆ: ಹಾಡಿನ ಚೌಕಟ್ಟು ಸರಿಯಾಗಿದೆ, ಒಳಗಿನ ಉಸಿರು ಕಡಿಮೆಯಾಗಿದೆ.

ಕಂಪನಿಯ ಕಷ್ಟವನ್ನೂ ನ್ಯಾಯವಾಗಿ ಹೇಳಬೇಕು. ಲಾಂಗ್ ಪ್ಲೇ ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷ ಮೀರಿದರೆ ಗೆರೆಗಳು ಇಕ್ಕಟ್ಟಾಗುತ್ತವೆ, ದನಿಯ ಗಟ್ಟಿತನ ತಗ್ಗಿಸಬೇಕಾಗುತ್ತದೆ. ಹನ್ನೆರಡು ನಿಮಿಷದ ಒಂದೇ ಹಾಡು ಅರ್ಧಕ್ಕಿಂತ ಹೆಚ್ಚು ಬದಿಯನ್ನು ನುಂಗುತ್ತದೆ. ಆದರೆ ಜಾಗದ ಅಭಾವದ ವಾದ ಪೂರ್ತಿ ನಿಲ್ಲುವುದಿಲ್ಲ. ಅದೇ ತಟ್ಟೆಯಲ್ಲಿ ಆ ರಾತ್ರಿಗೆ ಸೇರದ ಹಾಡುಗಳಿಗೆ ಜಾಗ ಸಿಕ್ಕಿತು. 'ಏಂಟ್ ಗಾಟ್ ನೋ, ಐ ಗಾಟ್ ಲೈಫ್' ಮತ್ತು 'ಡು ವಾಟ್ ಯು ಗಾಟ ಡು' ಮುದ್ರಣವಾದದ್ದು ಮರು ತಿಂಗಳು, ಮೇನಲ್ಲಿ, ಸ್ಟುಡಿಯೋದಲ್ಲಿ. ಲೈವ್ ಎಂದು ಕೊಂಡುಹೋದವರಿಗೆ ಸಿಕ್ಕಿದ್ದು ಒಂದು ಮಿಶ್ರಣ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಹಾಡಿನ ಗೈರುಹಾಜರಿ. ಆ ರಾತ್ರಿ ಸಿಮೋನ್ 'ಮಿಸಿಸಿಪ್ಪಿ ಗಾಡ್‌ಡ್ಯಾಮ್' ಕೂಡ ಹಾಡಿದ್ದರು. ಮಧ್ಯದಲ್ಲಿ ಹಾಡು ಬಿಟ್ಟು ಜನರನ್ನು ಉದ್ದೇಶಿಸಿ ಕೂಗುತ್ತಾರೆ: ನನ್ನ ಹಾಡುಗಳು ನಿಮ್ಮನ್ನು ಒಂದಿಷ್ಟಾದರೂ ತಟ್ಟಿದ್ದರೆ ಹಿಂದೆ ಕೂರಬೇಡಿ, ಬನ್ನಿ, ನನ್ನ ಜೊತೆ ಸೇರಿ, ಹೊತ್ತು ಮೀರಿದೆ. ಪ್ರೀತಿಯ ದೊರೆ ಸತ್ತುಹೋದ, ಇನ್ನು ನಾನಂತೂ ಅಹಿಂಸೆಯಿಂದ ಇರುವವಳಲ್ಲ. ಮೊದಲು ಕಾರ್ನೆಗಿ ಹಾಲ್‌ನಲ್ಲಿ ಈ ಹಾಡಿಗೆ ಒಂದು ನಾಟಕೀಯ ಲವಲವಿಕೆ ಇತ್ತು. ವ್ಯಂಗ್ಯವನ್ನು ಅರ್ಥ ಮಾಡಿಕೊಂಡ ಪ್ರೇಕ್ಷಕರು ನಗುತ್ತಲೇ ಬೆಚ್ಚಿದ್ದರು. ವೆಸ್ಟ್‌ಬರಿಯಲ್ಲಿ ನಗು ಉಳಿದಿಲ್ಲ. ಅಹಿಂಸೆಯ ಪ್ರತಿಪಾದಕನ ಶೋಕಸಭೆಯಲ್ಲೇ ಅಹಿಂಸೆಗೆ ವಿದಾಯ ಹೇಳಿದ ಈ ಕ್ಷಣ ಆ ವಸಂತದ ಅಮೆರಿಕದ ಮನಸ್ಸನ್ನು ಯಾವ ಸಂಪಾದಕೀಯಕ್ಕಿಂತಲೂ ನಿಚ್ಚಳವಾಗಿ ಹಿಡಿದಿದೆ. ಅದು ಆಲ್ಬಮ್‌ನಲ್ಲಿ ಇಲ್ಲವೇ ಇಲ್ಲ. ದಶಕಗಳ ನಂತರ, ಕತ್ತರಿಸದ ಶೋಕಗೀತೆಯ ಜೊತೆಗೆ, ಸಂಕಲನಗಳ ಮೂಲಕ ಹೊರಬಂತು.

ಕಂಪನಿ ಎಲ್ಲ ಸಿಟ್ಟನ್ನೂ ತೆಗೆದುಹಾಕಿತು ಎಂದರೆ ತಪ್ಪಾದೀತು. 'ಬ್ಯಾಕ್‌ಲ್ಯಾಶ್ ಬ್ಲೂಸ್' ಉಳಿದಿದೆ. ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದುಕೊಟ್ಟ ಆ ಪದ್ಯ ತೆರಿಗೆ ಏರಿಸಿ, ಸಂಬಳ ಏರದಂತೆ ತಡೆದು, ಮಗನನ್ನು ವಿಯೆಟ್ನಾಂಗೆ ಕಳಿಸುವ ವ್ಯವಸ್ಥೆಯನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸುತ್ತದೆ. ವೆಸ್ಟ್‌ಬರಿಯಲ್ಲಿ ಸಿಮೋನ್ ಅದಕ್ಕೆ ತಮ್ಮದೇ ಸಾಲುಗಳನ್ನು ಸೇರಿಸಿದರು: ಬಾಗಿಲು ತೆರೆಯುವವರೆಗೆ ದುಡಿಯುತ್ತಿರು ನೀನಾ ಎಂದು ಲ್ಯಾಂಗ್‌ಸ್ಟನ್ ಸಾಯುವ ಮುನ್ನ ತನಗೆ ಹೇಳಿದ್ದರು ಎಂದು. ಹನ್ನೆರಡು ತಾಳಖಂಡಗಳ (ಬಾರ್) ಬ್ಲೂಸ್ ಚೌಕಟ್ಟಿನಲ್ಲಿ ಸಿಟ್ಟು ಕೂತಿದ್ದರೆ ಮಾರುಕಟ್ಟೆ ಅದನ್ನು ಸಹಿಸಿಕೊಂಡೀತು. ಚೌಕಟ್ಟು ಒಡೆದು ನೇರ ಮಾತಾಗಿ ಬಂದ ಸಿಟ್ಟಿಗೆ ಕತ್ತರಿ ಬಿತ್ತು. ಎರಡೂ ಕಡೆ ಹೋದದ್ದು ಮಾತು ಎಂಬುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಮಾರಾಟವಾದದ್ದು

ಆಲ್ಬಮ್‌ನ ಭಾಗ್ಯ ಬದಲಿಸಿದ್ದು ಸ್ಟುಡಿಯೋದ ಹಾಡು. 'ಏಂಟ್ ಗಾಟ್ ನೋ, ಐ ಗಾಟ್ ಲೈಫ್' ಅದೇ ಏಪ್ರಿಲ್ ಕೊನೆಗೆ ಬ್ರಾಡ್‌ವೇ ತಲುಪಿದ 'ಹೇರ್' ಸಂಗೀತ ನಾಟಕದ ಎರಡು ಹಾಡುಗಳ ಜೋಡಣೆ. ಬ್ರಿಟನ್‌ನಲ್ಲಿ ಇದು ಎರಡನೆಯ ಸ್ಥಾನಕ್ಕೇರಿತು, ನೆದರ್ಲೆಂಡ್ಸ್‌ನಲ್ಲಿ ಮೊದಲನೆಯದಕ್ಕೆ. ಅಲ್ಲಿಯವರೆಗೆ ಯುರೋಪಿನ ಹದಿಹರೆಯದವರಿಗೆ ಅಷ್ಟಾಗಿ ಗೊತ್ತಿಲ್ಲದ ಕಲಾವಿದೆ ರಾತ್ರೋರಾತ್ರಿ ಪಾಪ್ ತಾರೆಯಾದರು.

ಇದನ್ನು ವಾಣಿಜ್ಯದ ತೇಪೆ ಎಂದು ತಳ್ಳಿಹಾಕಲು ಮನಸ್ಸಾಗುತ್ತದೆ. ಆದರೆ ಹಾಡನ್ನೇ ಕೇಳಿ ನೋಡಬೇಕು. ಮೊದಲರ್ಧ ಇಲ್ಲದವುಗಳ ಪಟ್ಟಿ: ಮನೆಯಿಲ್ಲ, ಹಣವಿಲ್ಲ, ತಾಯಿಯಿಲ್ಲ, ದೇವರಿಲ್ಲ. ದ್ವಿತೀಯಾರ್ಧ ಇರುವವುಗಳ ಪಟ್ಟಿ, ಹೆಚ್ಚಿನವು ದೇಹದವೇ: ಕೂದಲು, ಕಣ್ಣು, ಕೈ, ರಕ್ತ, ಕೊನೆಗೆ ಜೀವ. ರಂಗದ ಮೇಲೆ ಹಿಪ್ಪಿಗಳು ಹಾಡುವಾಗ ಇದು ತುಂಟತನ. ಗುಲಾಮರ ಮೊಮ್ಮಕ್ಕಳ ಪೀಳಿಗೆಯ ಹೆಣ್ಣು, ಕಪ್ಪು ದೇಹಗಳು ಬೀಳುತ್ತಿದ್ದ ವರ್ಷದಲ್ಲಿ, ತನ್ನ ಒಂದೊಂದು ಅಂಗವನ್ನೂ ಹೆಸರು ಹಿಡಿದು ತನ್ನದೆಂದು ಸಾರಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಶೋಕಸಭೆಯ ಪಕ್ಕದಲ್ಲಿಟ್ಟಾಗಲಂತೂ ಇದು ಕಳೆದುಕೊಂಡವರ ಪಟ್ಟಿಗೆ ಬರೆದ ಉತ್ತರದಂತಿದೆ. ಈ ಜೋಡಣೆ ಕಂಪನಿಯ ಲೆಕ್ಕಾಚಾರದಿಂದಲೇ ಆಗಿರಬಹುದು, ಆದರೂ ಫಲ ಒಳ್ಳೆಯದು. ಆ ಹಾಡಿಗಾಗಿ ತಟ್ಟೆ ಕೊಂಡವರು ಕಿಂಗ್ ಅವರ ಶೋಕಸಭೆಯನ್ನೂ ಅರಿವಿಲ್ಲದೆ ಮನೆಗೆ ಒಯ್ದರು.

ಸಿಮೋನ್ ಆ ದೇಶದಲ್ಲಿ ಬಹಳ ಕಾಲ ಉಳಿಯಲಿಲ್ಲ. 1970ರಲ್ಲಿ ಅಮೆರಿಕ ಬಿಟ್ಟರು. ಬಾರ್ಬಡೋಸ್, ಲೈಬೀರಿಯಾ, ಸ್ವಿಟ್ಜರ್ಲೆಂಡ್ ಸುತ್ತಿ ಕೊನೆಗೆ ಫ್ರಾನ್ಸ್‌ನಲ್ಲಿ ನೆಲೆಸಿದರು. 2003ರ ಏಪ್ರಿಲ್ 21ರಂದು ಅಲ್ಲಿಯೇ ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು, ಅವರನ್ನು ಒಮ್ಮೆ ಹೊರಗಿಟ್ಟಿದ್ದ ಕರ್ಟಿಸ್ ಸಂಸ್ಥೆ ಗೌರವ ಪದವಿ ನೀಡಿತ್ತು.

ಹೊಸದಾಗಿ ಕೇಳುವವರು ಮೊದಲು 1968ರ ಆಲ್ಬಮ್ ಅನ್ನು ಇದ್ದಂತೆಯೇ ಕೇಳಲಿ ಎಂಬುದು ನನ್ನ ಸಲಹೆ, ಏಕೆಂದರೆ ಲೋಕಕ್ಕೆ ತಲುಪಿದ್ದು ಅದೇ ರೂಪ. ಆಮೇಲೆ ಹನ್ನೆರಡು ನಿಮಿಷ ದಾಟುವ ಪೂರ್ತಿ ಶೋಕಗೀತೆಯನ್ನು ಕೇಳಬೇಕು. ಅದು ಮುಗಿದ ಕೂಡಲೇ, ನಡುವೆ ಬೇರೇನನ್ನೂ ಹಾಕಿಕೊಳ್ಳದೆ, ವೆಸ್ಟ್‌ಬರಿಯ 'ಮಿಸಿಸಿಪ್ಪಿ ಗಾಡ್‌ಡ್ಯಾಮ್' ಹಾಕಬೇಕು. ಕಿಂಗ್ ಅವರನ್ನು ಅಷ್ಟು ಪ್ರೀತಿಯಿಂದ ಬೀಳ್ಕೊಟ್ಟ ಬಾಯಿಯೇ ಅವರ ದಾರಿಯನ್ನು ನಿರಾಕರಿಸುವುದು ಕೇಳಿಸುತ್ತದೆ. ಎರಡರಲ್ಲೂ ಸುಳ್ಳಿನ ಎಳೆಯಿಲ್ಲ ಎಂಬುದೂ ಕೇಳಿಸುತ್ತದೆ.